ನಿಂಬೆ ಗಾತ್ರದ ಹುಣಸೆಹಣ್ಣು: ಅಡುಗೆ ಪುಸ್ತಕ ನಡೆದುಬಂದ ದಾರಿ

ಮಂಗರಸನ ಅಡುಗೆಯಲ್ಲಿ ಮೆಣಸಿನಕಾಯಿ ಇಲ್ಲ. 16ನೇ ಶತಮಾನದ ಆರಂಭದಲ್ಲಿ ಈ ಜೈನ ಕವಿ ‘ಸೂಪಶಾಸ್ತ್ರ’ ಬರೆಯುವಾಗ ಅದನ್ನು ನಮ್ಮಲ್ಲಿಗೆ ತಂದ ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಬಂದು ಹೆಚ್ಚು ಕಾಲವಾಗಿರಲಿಲ್ಲ. ಆಲೂಗಡ್ಡೆ, ಟೊಮೆಟೊ ಕೂಡ ನಮ್ಮ ಒಲೆಯ ಹತ್ತಿರ ಸುಳಿದಿರಲಿಲ್ಲ. ಖಾರ ಎಂದರೆ ಮೆಣಸು. ಆಮೇಲೆ ಬಂದ ಕಾಯಿಗೆ ಕನ್ನಡಿಗರು ಮೆಣಸಿನ ಹೆಸರನ್ನೇ ಇಟ್ಟರು. ಹಳೆಯ ಮೆಣಸು ‘ಕಾಳುಮೆಣಸು’ ಎಂದು ಕರೆಸಿಕೊಳ್ಳಬೇಕಾಯಿತು. ಇದ್ದ ಬದನೆ, ಹಲಸು, ಬಾಳೆ, ಕಳಲೆಗಳಲ್ಲೇ ಮಂಗರಸ ಬಗೆಬಗೆಯ ಪಾಕಗಳನ್ನು ಹೇಳುತ್ತಾನೆ, ಅದೂ ವಾರ್ಧಕ ಷಟ್ಪದಿಯಲ್ಲಿ.

ಅವನಿಗಿಂತ ಐನೂರು ವರ್ಷ ಹಿಂದೆ, 1025ರ ಸುಮಾರಿಗೆ, ಚಾಲುಕ್ಯರ ಕಾಲದ ಚಾವುಂಡರಾಯ ‘ಲೋಕೋಪಕಾರ’ ಬರೆದ. ಅಂತರ್ಜಲ ಹುಡುಕುವುದು, ಗಿಡಮರಗಳ ಆರೈಕೆ, ಸುಗಂಧದ ತಯಾರಿ, ಇವುಗಳ ಜೊತೆಗೆ ಅಡುಗೆಗೂ ಅಲ್ಲಿ ಜಾಗವಿದೆ. ಉದ್ದನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸುವ ಒಂದು ತಿಂಡಿಯನ್ನು ಇಂದಿನ ಇಡ್ಲಿಯ ಪೂರ್ವಜ ಎನ್ನುತ್ತಾರೆ. ಅದರಲ್ಲಿ ಅಕ್ಕಿಯ ಮಾತಿಲ್ಲ.

ಈ ಗ್ರಂಥಗಳನ್ನು ಮುಂದಿಟ್ಟುಕೊಂಡು ಯಾವ ಗೃಹಿಣಿಯೂ ಒಲೆ ಹಚ್ಚಿರಲಾರಳು. ಮನೆಯಲ್ಲಿ ಅಜ್ಜಿ, ಅತ್ತೆ, ಓರಗಿತ್ತಿ ಇದ್ದರು. ನೋಡುತ್ತ ನೋಡುತ್ತಲೇ ಕೈ ಪಳಗುತ್ತಿತ್ತು. ಪುಸ್ತಕ ಬೇಕಾದದ್ದು ಅವರ್‍ಯಾರೂ ಪಕ್ಕದಲ್ಲಿಲ್ಲದ ಕಾಲ ಬಂದಾಗ.

ಆ ಕಾಲವನ್ನು ತಂದದ್ದು 20ನೇ ಶತಮಾನದ ನೌಕರಿಗಳು. ಕೆನರಾ ಕರಾವಳಿಯಿಂದ ಮುಂಬೈಗೆ ಹೋಗಿ ನೆಲೆಸಿದ ಚಿತ್ರಾಪುರ ಸಾರಸ್ವತರಲ್ಲಿ ಮನೆಯ ಅಡುಗೆಯನ್ನು ಕಾಗದಕ್ಕಿಳಿಸುವ ಕೆಲಸಕ್ಕೆ ಮಹಿಳಾ ಸಮಾಜವೇ ಕೈಹಾಕಿತು. ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಮ್ಮ ತಮಿಳು ಪುಸ್ತಕದ ಮೊದಲ ಸಂಪುಟ ತಂದರು. ಮದುವೆಯಾಗಿ ದೂರ ಹೋದ ಹುಡುಗಿಯರಿಗೆ ಅದು ತವರಿನಿಂದ ಬಂದ ಕಾಗದದ ಹಾಗಿತ್ತು.

ಇಂಥ ಪುಸ್ತಕ ಬರೆಯುವವರನ್ನು ಕಾಡಿದ ದೊಡ್ಡ ಕಷ್ಟ ಅಳತೆ. ಹಳೆಯ ಕನ್ನಡ ಪುಸ್ತಕಗಳಲ್ಲಿ ಪಾವು, ಚಟಾಕು, ತೊಲ ಎಂದಿರುತ್ತದೆ. ಸೇರಾದರೂ ಎಲ್ಲ ಕಡೆ ಒಂದೇ ಆಗಿತ್ತೇ? ಕಚ್ಚಾ ಸೇರು ಬೇರೆ, ಪಕ್ಕಾ ಸೇರು ಬೇರೆ. 1956ರ ಕಾಯ್ದೆಯಿಂದ ಮೆಟ್ರಿಕ್ ಪದ್ಧತಿ ಬಂದು ಗ್ರಾಂ, ಲೀಟರ್ ಎಲ್ಲರಿಗೂ ಸಮಾನವಾದವು. ಆದರೆ ಸಾರಿಗೆ ಎಷ್ಟು ಹುಣಸೆಹಣ್ಣು ಎಂದರೆ ಇವತ್ತಿಗೂ ‘ನಿಂಬೆ ಗಾತ್ರ’ ಎಂದೇ ಬರೆಯುತ್ತಾರೆ. ಅದು ಅಳತೆ ಗೊತ್ತಿಲ್ಲದವರ ಮಾತಲ್ಲ. ಹೊಸ ಹುಣಸೆಯ ಹುಳಿ ಬೇರೆ, ವರ್ಷ ಕಳೆದ ಕಪ್ಪು ಹುಣಸೆಯ ಹುಳಿ ಬೇರೆ. ಗ್ರಾಂ ಲೆಕ್ಕ ಅಲ್ಲಿ ಸೋಲುತ್ತದೆ. ಒಂದೆಳೆ ಪಾಕ, ಹಸಿ ವಾಸನೆ ಹೋಗುವವರೆಗೆ, ಘಮ್ಮೆನ್ನುವವರೆಗೆ: ಕಣ್ಣು, ಮೂಗು, ಬೆರಳುಗಳನ್ನೇ ತಕ್ಕಡಿ ಮಾಡಿಕೊಂಡ ಈ ಮಾತುಗಳನ್ನು ನಾನು ಕನ್ನಡ ಗದ್ಯದ ಅತ್ಯಂತ ಖಚಿತ ವಾಕ್ಯಗಳ ಸಾಲಿಗೆ ಸೇರಿಸುತ್ತೇನೆ.

ಹೊರದೇಶದ ತಿಂಡಿಗಳು ಬಂದಾಗ ಬೇರೊಂದು ತೊಡಕು. ಕೇಕಿಗೆ ಓವನ್ ಬೇಕು, ನಮ್ಮಲ್ಲಿ ಇಲ್ಲ. ಕುಕ್ಕರಿನ ತಳಕ್ಕೆ ಮರಳು ಹರವಿ, ಗ್ಯಾಸ್ಕೆಟ್ಟು, ವೆಯ್ಟು ತೆಗೆದು, ಒಳಗೆ ಪಾತ್ರೆಯಿಟ್ಟು ಸಣ್ಣ ಉರಿಯಲ್ಲಿ ಬೇಯಿಸುವ ಉಪಾಯ ಮನೆಯಿಂದ ಮನೆಗೆ ಹಬ್ಬಿತು. ನನ್ನ ಅಮ್ಮನ ನೋಟುಬುಕ್ಕಿನಲ್ಲಿ ವಾರಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಕೇಕಿನ ಪುಟವಿದೆ. ಅಂಚಿನಲ್ಲಿ ‘ಮರಳು ಎರಡು ಲೋಟ’ ಎಂದು ಅವರದೇ ಕೈಬರಹ.

ಇಷ್ಟೆಲ್ಲ ಬರೆದಿಟ್ಟವರು ಬಿಟ್ಟದ್ದೂ ಬಹಳ. ‘ಕರ್ನಾಟಕದ ಅಡುಗೆ’ ಎಂಬ ಹೆಸರಿನಡಿ ಬಿಸಿಬೇಳೆಬಾತು, ಹೋಳಿಗೆ ಮತ್ತೆ ಮತ್ತೆ ಅಚ್ಚಾದವು. ಉಪ್ಸಾರು, ಮುದ್ದೆ, ಒಣಮೀನಿನ ಸಾರಿಗೆ ಅಷ್ಟು ಪುಟ ಸಿಗಲಿಲ್ಲ. ಬರೆಯುವ ಬಿಡುವು, ಅಚ್ಚು ಹಾಕಿಸುವ ಅನುಕೂಲ ಯಾರಿಗಿತ್ತೋ ಅವರ ಅಡುಗೆಮನೆಯೇ ನಾಡಿನ ಅಡುಗೆಮನೆ ಎನಿಸಿಕೊಂಡಿತು. ಮರಾಠಿಯಲ್ಲಿ ಶಾಹು ಪಾಟೋಳೆ 2015ರಲ್ಲಿ ಮರಾಠವಾಡದ ದಲಿತರ ಊಟವನ್ನು ಪುಸ್ತಕವಾಗಿಸಿದರು. ರಕ್ತ, ಕರುಳು, ಒಣಮಾಂಸ ಎಲ್ಲ ಅದರಲ್ಲಿವೆ; ಎಣ್ಣೆ, ತುಪ್ಪಕ್ಕೆ ದುಡ್ಡಿಲ್ಲದೆ ಬೇಯಿಸಿದ ಕೈಗಳ ಜಾಣ್ಮೆಯೂ ಇದೆ. ನಮ್ಮ ಹಟ್ಟಿ, ಕೇರಿಗಳ ಒಲೆಗಳ ಮುಂದೆ ಅಂಥದೇ ಹದಗಳನ್ನು ಬಲ್ಲ ಅಜ್ಜಿಯರು ಇನ್ನೂ ಕೂತಿದ್ದಾರೆ. ಅವರ ನಿಂಬೆ ಗಾತ್ರ ಎಷ್ಟೆಂದು ಪಕ್ಕದಲ್ಲಿ ಕೂತು ಬರೆದುಕೊಳ್ಳಬೇಕಾದದ್ದು ಈಗ.