ದೇವರಾಜ ಮಾರುಕಟ್ಟೆ: ಒಡೆಯೋದು ಸರಿ, ಕಟ್ಟೋರು ಯಾರು?

ದೇವರಾಜ ಮಾರುಕಟ್ಟೆಯನ್ನು ಒಡೆಯಬೇಕಾ, ಉಳಿಸಬೇಕಾ ಅನ್ನೋ ಜಗ್ಗಾಟ ಎಷ್ಟು ಎಳೆದಿದೆ ಅಂದರೆ, ಸಮಿತಿ, ವರದಿ, ಕೇಸುಗಳ ನಡುವೆ ಮೈಸೂರಿನವರಿಗೇ ಜಾಡು ತಪ್ಪಿಹೋಗಿದೆ. ಹಾಗಾಗಿ ಮೊದಲಿಂದ ನೋಡೋಣ.

ವಾರದ ಸಂತೆ ನಡೆಯುತ್ತಿದ್ದ ಜಾಗ ಅದು. ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 19ನೇ ಶತಮಾನದ ಕೊನೆಗೆ ಪಕ್ಕಾ ಕಟ್ಟಡವಾಯಿತು. ಚಿಕ್ಕ ಗಡಿಯಾರ ಗೋಪುರದ ಕಡೆಯಿಂದ ಧನ್ವಂತರಿ ರಸ್ತೆವರೆಗೆ 700ಕ್ಕೂ ಹೆಚ್ಚು ಮಳಿಗೆ. ಹತ್ತಿರದಲ್ಲೇ ಲ್ಯಾನ್ಸ್‌ಡೌನ್ ಕಟ್ಟಡವೂ ಎದ್ದಿತು. ಆಮೇಲೆ ಅರಸೊತ್ತಿಗೆ ಹೋಯಿತು, ಪಾಲಿಕೆ ಬಂತು, ಬಾಡಿಗೆ ವಸೂಲಾಗುತ್ತಲೇ ಇತ್ತು, ಸರಿಯಾದ ರಿಪೇರಿ ಮಾತ್ರ ಮುಂದಕ್ಕೆ ಹೋಗುತ್ತಲೇ ಇತ್ತು.

2012ರ ಆಗಸ್ಟ್ 25ರಂದು ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ಕು ಜನ ಸತ್ತರು. ಕಟ್ಟಡಕ್ಕೆ ಬೀಗ ಬಿತ್ತು. ನಾಲ್ಕು ವರ್ಷದ ನಂತರ, 2016ರ ಆಗಸ್ಟ್ 28ರ ಭಾನುವಾರ, ದೇವರಾಜ ಮಾರುಕಟ್ಟೆಯ ಉತ್ತರ ಭಾಗ ಬಿತ್ತು. ಪುಣ್ಯಕ್ಕೆ ಯಾರ ಪ್ರಾಣವೂ ಹೋಗಲಿಲ್ಲ. ಆದರೆ ಅದು ಬಿದ್ದದ್ದು ದುರಸ್ತಿ ಕೆಲಸ ನಡೆಯುತ್ತಿದ್ದಾಗಲೇ. ಇದನ್ನು ಸುಮ್ನೆ ದಾಟಿಹೋಗಬಾರದು.

ಯಾಕೆ ಅಂದರೆ, ಇದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಕಟ್ಟಡ. ಸುಣ್ಣದ ಗೋಡೆ ಮಳೆಗಾಲದಲ್ಲಿ ತೇವ ಹೀರಿಕೊಳ್ಳುತ್ತದೆ, ಬಿಸಿಲಿಗೆ ಬಿಟ್ಟುಬಿಡುತ್ತದೆ. ಅದರ ಮೇಲೆ ಸಿಮೆಂಟ್ ಬಳಿದರೆ ತೇವ ಒಳಗೇ ನಿಲ್ಲುತ್ತದೆ, ಗಾರೆ ಪುಡಿಯಾಗುತ್ತದೆ, ಹೊರಗಡೆಯಿಂದ ನೋಡಿದರೆ ಗೋಡೆ ಗಟ್ಟಿಯಾಗೇ ಕಾಣುತ್ತದೆ. ಮದ್ರಾಸ್ ತಾರಸಿಯೂ ಹಾಗೇ, ಮರದ ತೊಲೆಯ ಮೇಲೆ ಇಟ್ಟಿಗೆ ನಿಲ್ಲಿಸಿ ಗಾರೆ ಹಾಕಿರುತ್ತಾರೆ. ತೊಲೆಯ ತುದಿ ಗೋಡೆಯೊಳಗೆ ಕೊಳೆಯಲು ಶುರುವಾದರೆ ಕೆಳಗಿರುವ ಹೂವಿನ ಅಂಗಡಿಯವರಿಗೆ ಗೊತ್ತಾಗುವುದು ಹೇಗೆ? ಇಂಥ ಕೆಲಸಕ್ಕೆ ಕೈ ಪಳಗಿರಬೇಕು.

ಇಲ್ಲಿಗೆ ಟೆಂಡರ್ ವಿಷಯ ಬರುತ್ತದೆ. ಕರ್ನಾಟಕದಲ್ಲಿ ಸರ್ಕಾರಿ ಕೆಲಸಗಳು ಸಾಮಾನ್ಯವಾಗಿ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಹಂಚಿಕೆಯಾಗುತ್ತವೆ. ಅರ್ಹತೆ ದಾಟಿದವರಲ್ಲಿ ಕಡಿಮೆ ದರ ಹಾಕಿದವರಿಗೆ ಕೆಲಸ. ಭ್ರಷ್ಟಾಚಾರ ತಡೆಯಲು ಒಳ್ಳೆಯ ನಿಯಮವೇ. ಆದರೆ ಆ ಅರ್ಹತೆಯನ್ನು ಹೇಗೆ ಬರೆಯುತ್ತಾರೆ ಅನ್ನುವುದರಲ್ಲೇ ಎಲ್ಲ ಇದೆ. ‘ಇಷ್ಟು ಕೋಟಿ ವಹಿವಾಟು ಇರಬೇಕು’ ಅಂತ ಮಾತ್ರ ಬರೆದರೆ ರಸ್ತೆ, ಚರಂಡಿ ಮಾಡಿದವರೂ ಸುಣ್ಣದ ಕಟ್ಟಡಕ್ಕೆ ಅರ್ಹರೇ ಆಗುತ್ತಾರೆ. ಪಾರಂಪರಿಕ ಕಟ್ಟಡ ದುರಸ್ತಿ ಮಾಡಿದ ಅನುಭವ ಕಡ್ಡಾಯ ಅಂತ ಬರೆದರೆ ಬರುವವರೇ ಬೇರೆ, ದರವೂ ಬೇರೆ.

ಇನ್ನೊಂದು ದಾರಿ ಖಾಸಗಿ ಸಹಭಾಗಿತ್ವ. ಡೆವಲಪರ್ ತನ್ನ ಹಣ ಹಾಕಿ ಕಟ್ಟುತ್ತಾನೆ, ವರ್ಷಗಟ್ಟಲೆ ಬಾಡಿಗೆ ಎತ್ತಿ ವಾಪಸ್ ಪಡೆಯುತ್ತಾನೆ. ಕುಂಕುಮ, ವೀಳ್ಯದೆಲೆ, ಮಲ್ಲಿಗೆ ಮಾರುವವರ ಬಾಡಿಗೆಯಲ್ಲಿ ಆ ಲೆಕ್ಕ ಕೂಡುವುದಿಲ್ಲ, ಹಾಗಾಗಿ ಮಹಡಿಗಳು ಏರುತ್ತವೆ, ಅಡ್ವಾನ್ಸ್ ಏರುತ್ತದೆ. ಸಮೀಪದ ಮಕ್ಕಾಜಿ ಚೌಕದಲ್ಲಿ ಕಾಂಪ್ಲೆಕ್ಸ್ ವರ್ಷಗಟ್ಟಲೆ ಅರ್ಧಕ್ಕೇ ನಿಂತದ್ದನ್ನು ಊರೇ ನೋಡಿದೆ. ಪಾಲಿಕೆಯ ಕೆಲಸವಾದರೂ ಬೇಗ ಆಗುತ್ತದೆ ಅನ್ನುವಂತಿಲ್ಲ, ಪುರಭವನದ ನೆಲದಡಿಯ ಪಾರ್ಕಿಂಗ್ ಎಷ್ಟು ಕಾಲ ಎಳೆಯಿತು ಅಂತ ಎಲ್ಲರಿಗೂ ಗೊತ್ತು.

ಕುಸಿತದ ನಂತರ ಒಂದು ತಜ್ಞರ ತಂಡ ‘ಕಟ್ಟಡ ಸುರಕ್ಷಿತವಲ್ಲ, ಕೆಡವಿ’ ಅಂದಿತು. ಪರಂಪರೆ ತಜ್ಞರು ‘ಉಳಿಸಬಹುದು’ ಅಂದರು. ರಾಜಮನೆತನದ ಪ್ರಮೋದಾದೇವಿ ಒಡೆಯರ್ ಕೂಡ ಕೆಡವುವುದನ್ನು ವಿರೋಧಿಸಿದರು. ಪ್ರಕರಣ ಹೈಕೋರ್ಟ್‌ಗೆ ಹೋಯಿತು, 2023ರಲ್ಲಿ ಮಾರುಕಟ್ಟೆ, ಲ್ಯಾನ್ಸ್‌ಡೌನ್ ಎರಡೂ ಕಟ್ಟಡ ಕೆಡವಿ ಮತ್ತೆ ಕಟ್ಟಲು ದಾರಿ ತೆರೆಯಿತು.

ಕೆಡವುವ ಮಾತೇ ಎಲ್ಲ ಸಭೆಗಳನ್ನೂ ತಿಂದುಹಾಕಿತು. ಬಿದ್ದ ಭಾಗವನ್ನು ಹೊಸದಾಗಿ ಕಟ್ಟಿ, ಉಳಿದದ್ದನ್ನು ತುಂಡುತುಂಡಾಗಿ, ವ್ಯಾಪಾರ ನಿಲ್ಲದಂತೆ ಸರಿಮಾಡುವ ಯೋಚನೆಗೆ ಅಷ್ಟೇ ಗಂಭೀರವಾದ ಅಂದಾಜು ಪಟ್ಟಿ ಬೇಕಿತ್ತು, ಅಲ್ವಾ? ಒಡೆಯುವುದೇ ಆದರೂ, ಟೆಂಡರ್ ಕರೆಯುವ ಮೊದಲೇ ಕಾಗದದಲ್ಲಿ ಬರಬೇಕಾದ ವಿಷಯಗಳಿವೆ: ಈಗಿನ ಬಾಡಿಗೆದಾರರ ಪಟ್ಟಿ, ಕೆಲಸ ಮುಗಿಯುವವರೆಗೆ ಅವರು ಎಲ್ಲಿ ಕೂರುತ್ತಾರೆ, ಹೊಸ ಮಳಿಗೆಯ ಬಾಡಿಗೆ ಎಷ್ಟು, ತಡವಾದರೆ ದಂಡ ಯಾರಿಗೆ. ಮಳಿಗೆ ಹೆಸರಿನಲ್ಲಿಲ್ಲದೆ ನೆಲದ ಮೇಲೆ ಬುಟ್ಟಿ ಇಟ್ಟುಕೊಂಡು ಹೂವು ಮಾರುವ ಹೆಂಗಸರೂ ಆ ಪಟ್ಟಿಯಲ್ಲಿ ಇರಬೇಕು.