ಬೇಕರಿಯಲ್ಲಿರುವಂಥ ಮೈಕ್ರೋವೇವ್ ಮನೆಗೂ ತರಬಹುದೇ?

ಓದುಗರ ಪ್ರಶ್ನೆ: ಕುಂದಾಪುರದ ಹತ್ತಿರ ನಮ್ಮ ಊರುಮನೆಯಲ್ಲಿ ಅಪ್ಪಯ್ಯ, ಅಮ್ಮ ಇಬ್ಬರೇ ಇರುವುದು. ಇಬ್ಬರಿಗೂ ಎಪ್ಪತ್ತು ದಾಟಿದೆ. ನಾನು ಬೆಂಗಳೂರಿನಿಂದ ಒಯ್ದುಕೊಟ್ಟ ಮೈಕ್ರೋವೇವ್ ತುಂಬ ಬಟನ್‌ಗಳೇ. ಅಮ್ಮ ಅದಕ್ಕೊಂದು ಬಟ್ಟೆ ಹೊದಿಸಿ ಇಟ್ಟುಬಿಟ್ಟಿದ್ದಾರೆ. ಬೇಕರಿ, ಕೆಫೆಗಳಲ್ಲಿ ಒಂದೇ ನಾಬ್ ತಿರುಗಿಸಿ ಪಫ್ಸ್ ಬಿಸಿ ಮಾಡಿಕೊಡುತ್ತಾರಲ್ಲ, ಅಂಥ ಕಮರ್ಷಿಯಲ್ ಓವನ್ ಅವರಿಗೆ ಕೊಡಿಸಬಹುದೇ? ದುಡ್ಡು ಹೆಚ್ಚಾದರೂ ಬಾಳಿಕೆ ಬರುತ್ತದೆ ಎನ್ನುತ್ತಾರೆ.

ಉತ್ತರ: ಕೊಡಿಸಬಹುದು, ಅಡ್ಡಿಯೇನಿಲ್ಲ. ಆದರೆ ನಿಮಗೆ ಬೇಕಾದದ್ದು ಎರಡು. ಅಮ್ಮ ಹೆದರದೆ ಮುಟ್ಟುವಂಥ ಸರಳ ಯಂತ್ರ ಒಂದು, ಬಹುಕಾಲದ ಬಾಳಿಕೆ ಇನ್ನೊಂದು. ಸರಳತೆಗಾಗಿ ಕಮರ್ಷಿಯಲ್ ಓವನ್ನೇ ಆಗಬೇಕೆಂದಿಲ್ಲ. ಬಾಳಿಕೆಯ ಪ್ರಶ್ನೆ ದಿನಕ್ಕೆ ಎಷ್ಟು ತಟ್ಟೆ ಬಿಸಿಯಾಗಬೇಕು ಎಂಬುದಕ್ಕೆ ಸೇರಿದ್ದು. ಇಬ್ಬರೇ ಇರುವ ಮನೆಗೆ ಎರಡು ನಾಬ್‌ಗಳ ಸಣ್ಣ ಸೋಲೋ ಓವನ್, ಅಂದರೆ ಮೈಕ್ರೋವೇವ್ ಅಲೆಗಳಿಂದ ಬಿಸಿ ಮಾಡುವುದಷ್ಟೇ ಗೊತ್ತಿರುವ ಓವನ್, ಸಾಕು ಎಂಬುದು ನನ್ನ ಅಭಿಪ್ರಾಯ. ಏಕೆಂದು ಹೇಳುತ್ತೇನೆ.

ಒಳಗಿನ ತತ್ತ್ವ ಎರಡರಲ್ಲೂ ಒಂದೇ. ಮ್ಯಾಗ್ನೆಟ್ರಾನ್ ಎಂಬ ಕೊಳವೆ 2.45 ಗಿಗಾಹರ್ಟ್ಸ್‌ನ ಅಲೆಗಳನ್ನು ಹೊಮ್ಮಿಸುತ್ತದೆ, ಆಹಾರದಲ್ಲಿರುವ ನೀರು ಅದನ್ನು ಹೀರಿಕೊಂಡು ಬಿಸಿಯಾಗುತ್ತದೆ. ನಿಜ ಹೇಳಬೇಕೆಂದರೆ ಈ ಯಂತ್ರ ಮೊದಲು ಕಾಲಿಟ್ಟದ್ದೇ ಹೋಟೆಲಿನಂಥ ದೊಡ್ಡ ಅಡುಗೆಮನೆಗಳಿಗೆ. ರೇಡಾರಿಗೆಂದು ತಯಾರಾಗುತ್ತಿದ್ದ ಆ ಕೊಳವೆಯನ್ನು ಅಡುಗೆಗೆ ಬಳಸಬಹುದೆಂದು ಅಮೆರಿಕದ ರೇಥಿಯಾನ್ ಕಂಪನಿಯ ಪರ್ಸಿ ಸ್ಪೆನ್ಸರ್ ಕಂಡುಕೊಂಡರು. 1947ರಲ್ಲಿ ಬಂದ ಮೊದಲ ‘ರೇಡಾರೇಂಜ್’ ಆಳೆತ್ತರದ್ದು, ತೂಕ ಸುಮಾರು 340 ಕಿಲೋ. ಅಡುಗೆ ಕಟ್ಟೆಯ ಮೇಲೆ ಕೂರುವ ಮನೆಬಳಕೆಯ ರೇಡಾರೇಂಜ್ ಬಂದದ್ದು 1967ರಲ್ಲಿ.

ಇವತ್ತಿನ ಕಮರ್ಷಿಯಲ್ ಓವನ್ನಿನ ಹೆಚ್ಚುಗಾರಿಕೆ ಇರುವುದು ಎಡೆಬಿಡದ ದುಡಿಮೆಯನ್ನು ತಡೆದುಕೊಳ್ಳುವುದರಲ್ಲಿ. ಒಂದು ತಟ್ಟೆ ಹೊರಬಂದ ಕೂಡಲೇ ಇನ್ನೊಂದು ಒಳಗೆ ಹೋಗುವ ಜಾಗದಲ್ಲಿ ಮ್ಯಾಗ್ನೆಟ್ರಾನ್‌ಗೆ ತಣಿಯಲು ಪುರುಸೊತ್ತಿರುವುದಿಲ್ಲ. ಅದಕ್ಕಾಗಿ ದೊಡ್ಡ ಫ್ಯಾನ್, ಸ್ಟೇನ್‌ಲೆಸ್ ಸ್ಟೀಲಿನ ಒಳಮೈ, ಲೆಕ್ಕವಿಲ್ಲದಷ್ಟು ಸಲ ತೆರೆದು ಮುಚ್ಚಿದರೂ ಸಡಿಲಾಗದ ಬಾಗಿಲು. ಹೆಚ್ಚಿನವುಗಳಲ್ಲಿ ತಿರುಗುವ ಗಾಜಿನ ತಟ್ಟೆಯೂ ಇಲ್ಲ. ಸಪಾಟಾದ ಸೆರಾಮಿಕ್ ತಳದ ಕೆಳಗೋ ಮೇಲ್ಛಾವಣಿಯ ಒಳಗೋ ಒಂದು ರೆಕ್ಕೆ ಸುತ್ತುತ್ತ ಅಲೆಗಳನ್ನು ಚೆದುರಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ಏರ್ಪಾಡು. ಚೌಕದ ಡಬ್ಬಿ ಮೂಲೆಗೆ ತಾಗಿ ನಿಂತುಬಿಡುವ ತಾಪತ್ರಯವಿಲ್ಲ, ಕೈಜಾರಿ ಒಡೆಯುವ ಗಾಜೂ ಇಲ್ಲ, ಒಂದು ಒದ್ದೆಬಟ್ಟೆಯಲ್ಲಿ ಒರೆಸಿದರೆ ಮುಗಿಯಿತು.

ಆದರೆ ಮನೆಯಲ್ಲಿ ಅದರ ಶಕ್ತಿಯಿಂದ ಎಷ್ಟು ಲಾಭ? ಸಣ್ಣ ಕಮರ್ಷಿಯಲ್ ಓವನ್ ಆಹಾರಕ್ಕೆ ಕೊಡುವುದು ಸುಮಾರು 1000 ವ್ಯಾಟ್, ದೊಡ್ಡವು ಅದರ ಎರಡರಷ್ಟು. ಮನೆಯ ಸಣ್ಣ ಸೋಲೋ ಓವನ್ 700 ವ್ಯಾಟ್. ಫ್ರಿಜ್ಜಿನಿಂದ ತೆಗೆದ ಒಂದು ಲೋಟ ಹಾಲು ಕುಡಿಯುವಷ್ಟು ಬಿಸಿಯಾಗಲು 700 ವ್ಯಾಟಿನಲ್ಲಿ ಒಂದೂಕಾಲು ನಿಮಿಷದ ಆಸುಪಾಸು ಬೇಕು. 1000 ವ್ಯಾಟಿನಲ್ಲಿ ಇಪ್ಪತ್ತು ಸೆಕೆಂಡಿನಷ್ಟು ಉಳಿಯುತ್ತದೆ. ಸಾಲು ಹಚ್ಚಿ ನಿಂತ ಗಿರಾಕಿಗಳಿರುವ ಬೇಕರಿಗೆ ಆ ಇಪ್ಪತ್ತು ಸೆಕೆಂಡ್ ವ್ಯಾಪಾರ. ಅಪ್ಪಯ್ಯನಿಗೆ ಅಷ್ಟು ಅವಸರ ಇರಲಾರದು. ಇನ್ನೊಂದು ಮಾತು, ಒಂದೇ ನಾಬ್ ಇರುವ ಕಮರ್ಷಿಯಲ್ ಮಾದರಿಗಳಲ್ಲಿ ಸಾಮಾನ್ಯವಾಗಿ ಶಕ್ತಿ ತಗ್ಗಿಸುವ ಸೌಲಭ್ಯವೇ ಇರುವುದಿಲ್ಲ. ತಿರುಗಿಸಿದರೆ ಪೂರ್ತಿ, ಇಲ್ಲವಾದರೆ ಇಲ್ಲ. ಗಂಜಿಯಂಥದ್ದು ಅದರಲ್ಲಿ ನೋಡುನೋಡುತ್ತಲೇ ಉಕ್ಕಿ ಹರಿಯುತ್ತದೆ. ಫ್ಯಾನಿನ ಸದ್ದೂ ಮನೆಯ ಓವನ್ನಿಗಿಂತ ಜೋರು.

ಈಗ ವೈರಿಂಗ್. ಇಲ್ಲಿ ದಯವಿಟ್ಟು ಉದಾಸೀನ ಮಾಡಬೇಡಿ. 1000 ವ್ಯಾಟ್ ಕೊಡುವ ಓವನ್ ಗೋಡೆಯಿಂದ ಎಳೆಯುವುದು 1500 ವ್ಯಾಟ್ ಅಥವಾ ಅದಕ್ಕೂ ಹೆಚ್ಚು, ಅಂದರೆ 230 ವೋಲ್ಟಿನಲ್ಲಿ ಆರೂವರೆ ಆಂಪಿಯರ್ ದಾಟುತ್ತದೆ. ಮಿಕ್ಸಿ ಹಾಕುವ 6 ಆಂಪಿಯರ್ ಪ್ಲಗ್ಗಿಗೆ ಇದು ಮೀರಿದ ಹೊರೆ. 16 ಆಂಪಿಯರ್ ಪವರ್ ಪ್ಲಗ್, ಸರಿಯಾದ ಅರ್ತಿಂಗ್, ಅದಕ್ಕೆಂದೇ ಎಳೆದ ದಪ್ಪ ವೈರ್ ಬೇಕು. ಎಕ್ಸ್‌ಟೆನ್ಶನ್ ಬಾಕ್ಸ್ ಖಂಡಿತ ಬೇಡ. ಹಳೆಯ ಮನೆಯ ಅಡುಗೆಕೋಣೆಗಳಲ್ಲಿ ಪವರ್ ಪ್ಲಗ್ ಒಂದೇ ಇದ್ದು ಅದನ್ನು ಫ್ರಿಜ್ಜು ಹಿಡಿದಿರುತ್ತದೆ. ಮನೆಬಳಕೆಯ 700 ವ್ಯಾಟಿನ ಓವನ್ ಕೂಡ 1200 ವ್ಯಾಟಿನವರೆಗೆ ಎಳೆಯುವುದರಿಂದ ಅದಕ್ಕೂ ಪವರ್ ಪ್ಲಗ್ಗೇ ಕ್ಷೇಮ. ಯಾವ ಓವನ್ ಕೊಳ್ಳುವ ಮೊದಲೂ ಎಲೆಕ್ಟ್ರಿಷಿಯನ್ ಒಮ್ಮೆ ನೋಡಿಹೋಗಲಿ.

ಅಮೆರಿಕದಲ್ಲಿರುವ ಮಕ್ಕಳು ಅಲ್ಲಿಂದಲೇ ಕಳಿಸುತ್ತೇವೆ ಎಂದರೆ ಬೇಡವೆನ್ನಿ. ಅಲ್ಲಿ 120 ವೋಲ್ಟ್, 60 ಹರ್ಟ್ಸ್. ವೋಲ್ಟೇಜ್ ಇಳಿಸುವ ಪೆಟ್ಟಿಗೆ ಹಾಕಿದರೂ ನಮ್ಮ 50 ಹರ್ಟ್ಸ್ ಬದಲಾಗುವುದಿಲ್ಲ. 60ಕ್ಕೆಂದು ಸುತ್ತಿದ ಒಳಗಿನ ಟ್ರಾನ್ಸ್‌ಫಾರ್ಮರ್ 50ರಲ್ಲಿ ಹೆಚ್ಚು ಕರೆಂಟ್ ಎಳೆದು ಕಾದು ಹಾಳಾಗುತ್ತದೆ.

ನಿಮ್ಮ ಮನೆಗೆ ನಾನು ಹೇಳುವುದು 17ರಿಂದ 20 ಲೀಟರಿನ ಸೋಲೋ ಓವನ್. ಮೇಲೊಂದು ನಾಬ್ ಶಕ್ತಿಗೆ, ಕೆಳಗೊಂದು ಸಮಯಕ್ಕೆ. ಗ್ರಿಲ್, ಕನ್ವೆಕ್ಷನ್ ಯಾವುದೂ ಬೇಡ. ಅಂಗಡಿಯವರು ದುಬಾರಿ ಮಾದರಿಯ ಕಡೆಗೇ ಕರೆದೊಯ್ಯುತ್ತಾರೆ. ‘ನಾಬ್ ಇರುವ ಸೋಲೋ’ ಎಂದೇ ಕೇಳಿ. ಬೆಲೆಯೂ ಕಮರ್ಷಿಯಲ್ ಓವನ್ನಿನ ಒಂದು ಸಣ್ಣ ಪಾಲು. ಮೇಲಿನ ನಾಬನ್ನು ಪೂರ್ತಿ ಶಕ್ತಿಗೆ ಒಮ್ಮೆ ತಿರುಗಿಸಿಟ್ಟು ಅಲ್ಲಿಗೊಂದು ಬಣ್ಣದ ಚುಕ್ಕೆ ಹಾಕಿಬಿಟ್ಟರೆ ಅಮ್ಮನಿಗೆ ಉಳಿಯುವುದು ಒಂದೇ ನಾಬ್.

ಕರಾವಳಿಯ ಮನೆಗೆ ನಾಬ್ ಒಪ್ಪುವುದಕ್ಕೆ ಇನ್ನೂ ಒಂದು ಕಾರಣವಿದೆ. ಬಟನ್ ಓವನ್ನಿನೊಳಗೆ ಒಂದು ಎಲೆಕ್ಟ್ರಾನಿಕ್ ಕಾರ್ಡ್ ಇಡೀ ದಿನ ಎಚ್ಚರವಾಗಿರುತ್ತದೆ. ಬೆಚ್ಚಗಿನ ಆ ಜಾಗ ಜಿರಳೆಗೂ ಇರುವೆಗೂ ಇಷ್ಟ. ಮಳೆಗಾಲದ ತೇವ, ಗುಡುಗು ಸಿಡಿಲು, ಹೋಗಿ ಬರುವ ಕರೆಂಟು, ಇವೆಲ್ಲದರ ಪೆಟ್ಟು ಮೊದಲು ಬೀಳುವುದು ಆ ಕಾರ್ಡಿಗೆ. ಅದು ಕೆಟ್ಟರೆ ರಿಪೇರಿಯ ಖರ್ಚಿಗೆ ಹೆದರಿ ಓವನ್ನನ್ನೇ ಬಿಸಾಡುವವರು ಎಷ್ಟೋ ಜನ. ಮೆಕ್ಯಾನಿಕಲ್ ಟೈಮರಿನ ಓವನ್ನಿನಲ್ಲಿ ಕಾರ್ಡೇ ಇಲ್ಲ.

ಆದರೆ ನಾಬಿನ ಓವನ್ನಿಗೊಂದು ಕೆಟ್ಟ ಗುಣವಿದೆ, ಅದನ್ನು ಅಪ್ಪಯ್ಯ, ಅಮ್ಮ ಇಬ್ಬರಿಗೂ ಕೂರಿಸಿ ಹೇಳಬೇಕು. ಮೂರು ನಿಮಿಷಕ್ಕೆ ತಿರುಗಿಸಿ, ಎರಡು ನಿಮಿಷಕ್ಕೇ ಬಿಸಿಯಾಯಿತೆಂದು ಪಾತ್ರೆ ತೆಗೆದು ಬಾಗಿಲು ಮುಚ್ಚಿದರೆ ಉಳಿದ ಒಂದು ನಿಮಿಷ ಖಾಲಿ ಓವನ್ ಓಡತೊಡಗುತ್ತದೆ. ನಡುವೆ ಕರೆಂಟು ಹೋದರೂ ಹಾಗೆಯೇ. ಕತ್ತಲಲ್ಲಿ ಊಟ ತೆಗೆದುಕೊಂಡು ಮರೆತಿರುತ್ತಾರೆ, ಕರೆಂಟು ಬಂದ ಕೂಡಲೇ ಅದು ತಾನಾಗಿ ಶುರುವಾಗಬಹುದು. ಹೀರಿಕೊಳ್ಳಲು ಒಳಗೆ ಏನೂ ಇಲ್ಲದಿದ್ದಾಗ ಅಲೆಗಳು ತಿರುಗಿ ಮ್ಯಾಗ್ನೆಟ್ರಾನ್ ಮೇಲೆಯೇ ಬೀಳುತ್ತವೆ, ಅದರ ಆಯುಷ್ಯ ಕಡಿಮೆಯಾಗುತ್ತದೆ. ಪಾತ್ರೆ ತೆಗೆದ ತಕ್ಷಣ ನಾಬನ್ನು ಸೊನ್ನೆಗೆ ತರುವುದು ಕೈಗೆ ರೂಢಿಯಾಗಲಿ. ರೂಢಿಯಾಗುವವರೆಗೆ ಬಳಸದ ಹೊತ್ತಿನಲ್ಲಿ ಒಳಗೊಂದು ಗಾಜಿನ ಲೋಟದಲ್ಲಿ ನೀರಿಟ್ಟಿರಲಿ. ಅರ್ಧ ನಿಮಿಷದಂಥ ಚಿಕ್ಕ ಸಮಯಕ್ಕೆ ಈ ಟೈಮರ್ ಅಷ್ಟು ನಿಖರವಲ್ಲ. ಮೊದಲು ಎರಡು ನಿಮಿಷ ದಾಟಿಸಿ, ಆಮೇಲೆ ಹಿಂದಕ್ಕೆ ತಂದು ನಿಲ್ಲಿಸಿದರೆ ಸರಿಹೋಗುತ್ತದೆ.

ಅಮ್ಮ ಓವನ್ನಿಗೆ ಬಟ್ಟೆ ಹೊದಿಸಿದ್ದಕ್ಕೆ ಬಟನ್‌ಗಳಷ್ಟೇ ಕಾರಣವಿರಲಾರದು. ನಮ್ಮ ಮನೆಗಳಲ್ಲಿ ಅನ್ನ, ಸಾರು, ಪಲ್ಯ ಎಲ್ಲ ಇರುವುದು ಸ್ಟೀಲಿನಲ್ಲಿ. ಸ್ಟೀಲ್ ಪಾತ್ರೆಯ ಗೋಡೆ ದಾಟಿ ಅಲೆಗಳು ಒಳಹೋಗುವುದಿಲ್ಲ, ಅಂಚು ಗೋಡೆಗೆ ಹತ್ತಿರವಾದರೆ ಕಿಡಿಯೂ ಏಳುತ್ತದೆ. ಬಿಸಿ ಮಾಡಲು ಬೇರೆ ಪಾತ್ರೆಗೆ ಸುರಿಯಬೇಕು, ಆಮೇಲೆ ಎರಡೂ ತೊಳೆಯಬೇಕು. ಅಷ್ಟಕ್ಕಿಂತ ಗ್ಯಾಸ್ ಹಚ್ಚುವುದೇ ಸಲೀಸು ಎಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಾಗಿ ಓವನ್ ಜೊತೆಗೇ ಮುಚ್ಚಳವಿರುವ, ಬಿಸಿ ತಾಳುವ ಬೊರೊಸಿಲಿಕೇಟ್ ಗಾಜಿನ ಬಟ್ಟಲು ನಾಲ್ಕು ಕೊಡಿಸಿ. ಮಿಕ್ಕ ಅಡುಗೆ ಅದರಲ್ಲೇ ಫ್ರಿಜ್ಜಿಗೆ ಹೋಗಲಿ. ಬಿಸಿ ಮಾಡುವ ಮುಂಚೆ ಸ್ವಲ್ಪ ಹೊತ್ತು ಹೊರಗಿಟ್ಟು, ಅದರಲ್ಲೇ ಓವನ್ನಿಗೆ ಇಟ್ಟು, ಅದರಲ್ಲೇ ಬಡಿಸಬಹುದು. ಮೆಲಮೈನ್ ತಟ್ಟೆ, ಚಿನ್ನದ ಅಂಚಿನ ಪಿಂಗಾಣಿ ಬೇಡ.

ಕುಚ್ಚಲಕ್ಕಿ ಅನ್ನಕ್ಕೆ ಒಂದು ಚಮಚ ನೀರು ಚಿಮುಕಿಸಿ, ಮುಚ್ಚಿ, 700 ವ್ಯಾಟಿನಲ್ಲಿ ಒಂದೂವರೆ ನಿಮಿಷ ಇಟ್ಟರೆ ಒಂದು ತಟ್ಟೆಗೆ ಸಾಕು. ಗಂಜಿಯಾದರೆ ಎತ್ತರದ ಬಟ್ಟಲಲ್ಲಿ ಅರ್ಧದವರೆಗೆ ಮಾತ್ರ. ಮೀನುಸಾರು ಅಂಚಿನಲ್ಲಿ ಕುದಿಯುತ್ತಿದ್ದರೂ ನಡುವೆ ತಣ್ಣಗಿರುತ್ತದೆ. ಅರ್ಧದಲ್ಲಿ ನಿಲ್ಲಿಸಿ ಒಮ್ಮೆ ಕಲಕಬೇಕು, ಮುಗಿದ ಮೇಲೆ ಒಂದು ನಿಮಿಷ ಬಿಡಬೇಕು. ಇಡ್ಲಿ, ಕೊಟ್ಟೆ ಕಡುಬು ಒದ್ದೆಬಟ್ಟೆ ಮುಚ್ಚಿದರೆ ಹಬೆಯಲ್ಲಿ ಬೆಂದ ಮೆತುವಿಗೆ ಮರಳುತ್ತವೆ. ದೋಸೆಗೆ ಕಾವಲಿಯೇ ಗತಿ, ಓವನ್ನಿನಲ್ಲಿ ಅದು ಮೊದಲು ಮೆತ್ತಗಾಗಿ ಆಮೇಲೆ ತೊಗಲಾಗುತ್ತದೆ. ಒಗ್ಗರಣೆಯೂ ಒಲೆಯ ಮೇಲೆಯೇ. ಹಪ್ಪಳ ಮಾತ್ರ ಎಣ್ಣೆಯಿಲ್ಲದೆ ಮುಕ್ಕಾಲು ನಿಮಿಷದೊಳಗೆ ಚೆನ್ನಾಗಿ ಅರಳುತ್ತದೆ, ಅಮ್ಮನಿಗೆ ಓವನ್ ಪರಿಚಯ ಮಾಡಿಸಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಸಿಪ್ಪೆಸಹಿತ ಮೊಟ್ಟೆ ಇಡಲೇಬಾರದು, ಸಿಡಿಯುತ್ತದೆ. ಬರೀ ನೀರನ್ನು ಹೆಚ್ಚು ಕಾಯಿಸುವುದೂ ಅಪಾಯ. ಕುದಿಯುವ ಬಿಂದು ದಾಟಿದರೂ ನೀರು ಗುಳ್ಳೆಯೇಳದೆ ಸುಮ್ಮನಿದ್ದು, ಕಾಫಿಪುಡಿ ಹಾಕಿದೊಡನೆ ಉಕ್ಕಿ ಕೈ ಸುಡಬಹುದು.

ಹಾಗಾದರೆ ಕಮರ್ಷಿಯಲ್ ಓವನ್ ಯಾರಿಗೆ? ಪೇಯಿಂಗ್ ಗೆಸ್ಟ್ ಮನೆ, ಆಫೀಸಿನ ಪ್ಯಾಂಟ್ರಿ, ಹೋಮ್‌ಸ್ಟೇ, ಬೇಕರಿ, ಊಟದ ಹೊತ್ತಿನಲ್ಲಿ ಓವನ್ನಿನ ಬಾಗಿಲು ಮುಚ್ಚಿದ್ದೇ ಅಪರೂಪ ಎನ್ನುವಂಥ ಜಾಗಗಳಿಗೆ ಅದೇ ಬೇಕು. ಅಂಥಲ್ಲಿ ಮನೆಯ ಓವನ್ ಇಡುವುದು ಕಣ್ಣಿಗೆ ಕಾಣುವ ಉಳಿತಾಯ ಮಾತ್ರ. ವ್ಯಾಪಾರಕ್ಕೆ ಬಳಸಿದರೆ ಮನೆಬಳಕೆಯ ಓವನ್ನಿನ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಕಮರ್ಷಿಯಲ್ ಓವನ್ ಮನೆಯಲ್ಲಿಟ್ಟರೂ ಕೆಲವರು ವಾರಂಟಿ ಕೊಡುವುದಿಲ್ಲ, ಕಾರ್ಡ್ ಓದಿಯೇ ದುಡ್ಡು ಕೊಡಿ. ಮುಚ್ಚಿದ ಹೋಟೆಲಿನ ಸಾಮಾನು ಮಾರುವಲ್ಲಿ ಹಳೆಯದು ಸಿಕ್ಕರೆ ಮೊದಲು ಬಾಗಿಲು ನೋಡಿ: ಸೊಟ್ಟಗಿದ್ದರೆ, ಗಾಜಿನ ಹಿಂದಿನ ಜಾಲರಿ ಹರಿದಿದ್ದರೆ ಅಲ್ಲೇ ಬಿಟ್ಟುಬಿಡಿ. ಬಾಗಿಲು ಸರಿಯಿದ್ದರೆ ಒಂದು ಲೀಟರ್ ತಣ್ಣೀರಿಟ್ಟು ಸರಿಯಾಗಿ ಒಂದು ನಿಮಿಷ ಓಡಿಸಿ, ಕಲಕಿ, ಅಡುಗೆಯ ಥರ್ಮಾಮೀಟರಿನಲ್ಲಿ ಎಷ್ಟು ಡಿಗ್ರಿ ಏರಿತೆಂದು ನೋಡಿ. ಅದನ್ನು 70ರಿಂದ ಗುಣಿಸಿದರೆ ಓವನ್ ಕೊಡುತ್ತಿರುವ ವ್ಯಾಟ್ ಸುಮಾರಾಗಿ ಸಿಗುತ್ತದೆ. 1000 ವ್ಯಾಟಿನದೆಂದು ಹೇಳಿ ಏಳೇ ಡಿಗ್ರಿ ಏರಿಸಿದರೆ ಮ್ಯಾಗ್ನೆಟ್ರಾನ್ ಸವೆದಿದೆ ಎಂದು ಅನುಮಾನಿಸಿ.

ಕೊನೆಯದಾಗಿ, ಒಂದು ದಿನ ಓವನ್ನಿನೊಳಗೆ ಕಿಡಿ ಹಾರಿ ಸುಟ್ಟ ವಾಸನೆ ಬಂದರೆ ಗಾಬರಿ ಬೇಡ. ಆಫ್ ಮಾಡಿ ಪ್ಲಗ್ ತೆಗೆದು ಬಲಗಡೆಯ ಒಳಗೋಡೆ ನೋಡಿ. ಅಲ್ಲಿ ಸಾಮಾನ್ಯವಾಗಿ ರಟ್ಟಿನಂತೆ ಕಾಣುವ ಕಾಗೆಬಂಗಾರದ ಹಾಳೆಯೊಂದಿರುತ್ತದೆ, ಮೆಕ್ಯಾನಿಕ್‌ಗಳು ಮೈಕಾ ಶೀಟ್ ಎನ್ನುವುದು ಇದನ್ನೇ. ಎಣ್ಣೆ, ಸಾರು ಸಿಡಿದು ಅಂಟಿ ಕರಕಾದ ಜಾಗದಲ್ಲಿ ಕಿಡಿ ಏಳುತ್ತದೆ. ವಾರಕ್ಕೊಮ್ಮೆ ಒರೆಸುತ್ತಿದ್ದರೆ ಈ ಸಮಸ್ಯೆ ಬಹಳಮಟ್ಟಿಗೆ ಬಾರದು. ಬಂದರೂ ಅಳತೆಗೆ ಕತ್ತರಿಸಿದ ಹೊಸ ಹಾಳೆ ಕಡಿಮೆ ಬೆಲೆಗೆ ಸಿಗುತ್ತದೆ. ಮನೆಯವರೇ ಮಾಡಬಹುದಾದ ರಿಪೇರಿ ಇದೊಂದೇ. ಓವನ್ನಿನ ಹೊರಕವಚ ಬಿಚ್ಚುವ ಕೆಲಸಕ್ಕೆ ಕೈಹಾಕಬೇಡಿ, ಊರಿನ ಫ್ಯಾನ್, ಮಿಕ್ಸಿ ರಿಪೇರಿ ಮಾಡುವ ಹುಡುಗನಿಗೂ ಬಿಡಬೇಡಿ. ಒಳಗಿನ ಕೆಪಾಸಿಟರ್ ಸಾವಿರಾರು ವೋಲ್ಟ್ ಹಿಡಿದಿಟ್ಟುಕೊಳ್ಳುತ್ತದೆ, ಪ್ಲಗ್ ತೆಗೆದ ಮೇಲೂ ಜೀವ ತೆಗೆಯಬಲ್ಲದು. ಅದಕ್ಕೆ ಮೈಕ್ರೋವೇವ್ ಕೆಲಸ ಕಲಿತ ಮೆಕ್ಯಾನಿಕ್ ಬರುವವರೆಗೆ ಕಾಯಿರಿ.