ದ್ವಿಬಂಧ ಕೆಡದಂತೆ ಕೊಬ್ಬಿನಾಮ್ಲ ಪಡೆಯುವುದು ಹೇಗೆ?

ಒಲಿಯಿಕ್ ಆಮ್ಲ ಮತ್ತು ಎಲೈಡಿಕ್ ಆಮ್ಲ, ಎರಡರ ಸೂತ್ರವೂ ಒಂದೇ. ಎರಡರಲ್ಲೂ 18 ಕಾರ್ಬನ್, 9ನೇ ಕಾರ್ಬನ್ನಿನಲ್ಲಿ ಒಂದು ದ್ವಿಬಂಧ. ಒಲಿಯಿಕ್‌ನಲ್ಲಿ ಅದು ಸಿಸ್, ಅಂದರೆ ಸರಪಳಿಯ ಎರಡೂ ಭಾಗ ದ್ವಿಬಂಧದ ಒಂದೇ ಬದಿಗಿದ್ದು ಸರಪಳಿ ಅಲ್ಲಿ ಬಾಗುತ್ತದೆ. ಎಲೈಡಿಕ್‌ನಲ್ಲಿ ಟ್ರಾನ್ಸ್, ಅಂದರೆ ಅವು ಎದುರುಬದುರು ಬದಿಗಿದ್ದು ಸರಪಳಿ ಹೆಚ್ಚುಕಡಿಮೆ ನೆಟ್ಟಗಿರುತ್ತದೆ. ಅಷ್ಟಕ್ಕೇ ಮೊದಲನೆಯದು ಸುಮಾರು 13 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ, ಎರಡನೆಯದು ಕರಗಲು 45ರ ಹತ್ತಿರ ಹೋಗಬೇಕು. ದ್ವಿಬಂಧವೇ ಇಲ್ಲದ ಸ್ಟಿಯರಿಕ್ ಆಮ್ಲಕ್ಕೆ 69 ಡಿಗ್ರಿ ಬೇಕು. ಈ ಕೆಲಸಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಈ ಮೂರು ಅಂಕಿಗಳನ್ನು. ಆಮ್ಲವನ್ನು ಪಡೆಯುವುದಕ್ಕಿಂತ ಅದರ ದ್ವಿಬಂಧವನ್ನು ಇದ್ದ ಜಾಗದಲ್ಲೇ, ಇದ್ದ ಆಕಾರದಲ್ಲೇ ಉಳಿಸಿಕೊಳ್ಳುವುದು ಕಷ್ಟ.

ಎಣ್ಣೆಯಲ್ಲಿ ಈ ಆಮ್ಲಗಳು ಬಿಡಿಯಾಗಿ ಇರುವುದು ಕಡಿಮೆ. ಗ್ಲಿಸರಾಲ್‌ಗೆ ಮೂರು ಮೂರಾಗಿ ಸೇರಿಕೊಂಡಿರುತ್ತವೆ. ಪೊಟ್ಯಾಸಿಯಂ ಹೈಡ್ರಾಕ್ಸೈಡನ್ನು ಎಥನಾಲ್‌ನಲ್ಲಿ ಕರಗಿಸಿ, ಎಣ್ಣೆ ಸೇರಿಸಿ ರಿಫ್ಲಕ್ಸ್ ಮಾಡಿದರೆ (ಆವಿ ತಣಿದು ಮತ್ತೆ ಒಳಗೇ ಬೀಳುವಂತೆ ಕುದಿಸಿದರೆ) ಅವು ಬಿಡಿಸಿಕೊಂಡು ಸೋಪಾಗುತ್ತವೆ. ನೀರು ಸೇರಿಸಿ, ಆಮ್ಲ ಹಾಕುವ ಮೊದಲೇ ಒಮ್ಮೆ ಹೆಕ್ಸೇನ್‌ನಿಂದ ತೊಳೆಯಿರಿ. ಸ್ಟೆರಾಲ್‌ನಂಥ ಸೋಪಾಗದ ವಸ್ತುಗಳು ಅಲ್ಲೇ ಹೋಗುತ್ತವೆ. ಆಮೇಲೆ ಆಮ್ಲ ಹಾಕಿದರೆ ಸೋಪು ಕೊಬ್ಬಿನಾಮ್ಲವಾಗುತ್ತದೆ. ಜಾಸ್ತಿ ಕಾಯಿಸಿ ಬೇಗ ಮುಗಿಸುವ ಆಸೆ ಮಾತ್ರ ಬೇಡ. ಎಥಿಲೀನ್ ಗ್ಲೈಕಾಲ್‌ನಲ್ಲಿ ಕ್ಷಾರದ ಜೊತೆ 180 ಡಿಗ್ರಿಗೆ ಕಾಯಿಸಿದರೆ ಲಿನೊಲಿಯಿಕ್ ಆಮ್ಲದ ಎರಡು ದ್ವಿಬಂಧಗಳು ಜಾಗ ಬಿಟ್ಟು ಸರಿದು ಕಾಂಜುಗೇಟ್ ಆಗಿಬಿಡುತ್ತವೆ, ಅಂದರೆ ಅವುಗಳ ನಡುವೆ ಒಂದೇ ಒಂದು ಏಕಬಂಧ ಉಳಿಯುತ್ತದೆ.

ಈಗ ಕೈಯಲ್ಲಿರುವುದು ಮಿಶ್ರಣ. ಬಟ್ಟಿ ಇಳಿಸಿದರೆ ಪ್ರಯೋಜನ ಕಡಿಮೆ. ಸ್ಟಿಯರಿಕ್, ಒಲಿಯಿಕ್, ಲಿನೊಲಿಯಿಕ್ ಮೂರೂ 18 ಕಾರ್ಬನ್ನಿನವು, ಕುದಿಯುವ ಬಿಂದುಗಳು ತೀರಾ ಹತ್ತಿರ. ಅವನ್ನು ಆಕಾರ ನೋಡಿ ಬೇರ್ಪಡಿಸಬೇಕು. ಅದಕ್ಕೆ ನನಗೆ ಎಲ್ಲಕ್ಕಿಂತ ಇಷ್ಟದ ದಾರಿ ಯೂರಿಯಾ. 1940ರಲ್ಲಿ ಬೆಂಗೆನ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಗುರುತಿಸಿದರು. ಯೂರಿಯಾವನ್ನು ಬಿಸಿ ಮೆಥನಾಲ್‌ನಲ್ಲಿ ಕರಗಿಸಿ, ಕೊಬ್ಬಿನಾಮ್ಲ ಸೇರಿಸಿ, ನಿಧಾನವಾಗಿ ತಣ್ಣಗಾಗಲು ಬಿಡಿ. ಬರೀ ಯೂರಿಯಾ ಬೇರೆ ಥರ ಹರಳುಗಟ್ಟುತ್ತದೆ. ಉದ್ದ ಸರಪಳಿ ಸಿಕ್ಕರೆ ಅದರ ಸುತ್ತ ಸುತ್ತಿಕೊಂಡು ಆರು ಮೂಲೆಯ ಕೊಳವೆಗಳಾಗಿ ಕಟ್ಟಿಕೊಳ್ಳುತ್ತದೆ. ಕೊಳವೆಯ ಅಗಲ 5 ಆಂಗ್‌ಸ್ಟ್ರಾಮ್‌ಗಿಂತ ತುಸು ಜಾಸ್ತಿ, ಅಷ್ಟೇ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲೊಂದು ಪಾಲು). ನೆಟ್ಟಗಿರುವ ಸ್ಟಿಯರಿಕ್ ಸಲೀಸಾಗಿ ಒಳಗೆ ಕೂರುತ್ತದೆ. ಒಂದು ಕಡೆ ಬಾಗಿರುವ ಒಲಿಯಿಕ್ ಸ್ವಲ್ಪ ಕಷ್ಟದಲ್ಲಿ ಕೂರುತ್ತದೆ. ಎರಡು ಮೂರು ಕಡೆ ಬಾಗಿದವು ಬಹುಪಾಲು ಹೊರಗೇ ಉಳಿಯುತ್ತವೆ. ಬೆಳಗ್ಗೆ ನೋಡಿದರೆ ಫ್ಲಾಸ್ಕ್ ತುಂಬ ಸೂಜಿಯಂಥ ಬಿಳಿ ಹರಳುಗಳು. ಸೋಸಿ. ಲಿನೊಲಿಯಿಕ್ ಬೇಕಾದವರು ಸೋಸಿದ ದ್ರವಕ್ಕೆ ನೀರು, ಸ್ವಲ್ಪ ಆಮ್ಲ ಹಾಕಿ ಹೆಕ್ಸೇನ್‌ನಲ್ಲಿ ತೆಗೆಯಬಹುದು. ಒಲಿಯಿಕ್ ಬೇಕಾದರೆ ಎರಡು ಸುತ್ತು ಮಾಡಬೇಕು. ಮೊದಲು ಕಡಿಮೆ ಯೂರಿಯಾ ಹಾಕಿ ಪರ್ಯಾಪ್ತ (ದ್ವಿಬಂಧವಿಲ್ಲದ) ಆಮ್ಲಗಳನ್ನು ತೆಗೆದುಬಿಡಿ. ಎರಡನೇ ಸಲ ಜಾಸ್ತಿ ಹಾಕಿ ಒಲಿಯಿಕ್ಕನ್ನು ಹರಳಿನಲ್ಲಿ ಹಿಡಿಯಿರಿ. ಇನ್ನೊಂದು ಲಾಭವೂ ಇದೆ. ಕೊಳವೆಯೊಳಗೆ ಕೂತಿರುವಷ್ಟು ಕಾಲ ಆಮ್ಲಕ್ಕೆ ಗಾಳಿಯ ಆಮ್ಲಜನಕ ಅಷ್ಟಾಗಿ ತಾಗುವುದಿಲ್ಲ.

ಯೂರಿಯಾಕ್ಕೆ ಸಿಸ್ ಮತ್ತು ಟ್ರಾನ್ಸ್‌ಗಳನ್ನು ಚೊಕ್ಕವಾಗಿ ಬಿಡಿಸಲು ಆಗುವುದಿಲ್ಲ. ಅಲ್ಲಿ ಬೆಳ್ಳಿ ಬೇಕು. ಸಿಲ್ವರ್ ನೈಟ್ರೇಟ್ ಸೇರಿಸಿದ ಸಿಲಿಕಾ ಕಾಲಂನಲ್ಲಿ (ಮಿಶ್ರಣ ಹರಿದುಹೋಗುವ, ಸಿಲಿಕಾ ಪುಡಿ ತುಂಬಿದ ಕೊಳವೆಯಲ್ಲಿ) ಬೆಳ್ಳಿಯ ಅಯಾನು ದ್ವಿಬಂಧದ ಎಲೆಕ್ಟ್ರಾನ್‌ಗಳನ್ನು ಹಿಡಿದುಕೊಳ್ಳುತ್ತದೆ. ಟ್ರಾನ್ಸ್‌ಗಿಂತ ಸಿಸ್ ಮೇಲೆ ಹಿಡಿತ ಜಾಸ್ತಿ. ದ್ವಿಬಂಧ ಹೆಚ್ಚಿದಷ್ಟೂ ಹಿಡಿತ ಬಿಗಿ. ಆಮ್ಲವನ್ನು ಮೊದಲು ಮಿಥೈಲ್ ಎಸ್ಟರ್ (ಮೆಥನಾಲ್ ಜೊತೆ ಕೂಡಿದ ರೂಪ) ಮಾಡಿಕೊಳ್ಳಿ, ಕಾಲಂಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಗ್ಲೌಸ್ ಹಾಕಿಕೊಳ್ಳಿ. ಬೆಳಕು ಬಿದ್ದರೆ ಸಿಲಿಕಾ ಕಪ್ಪಾಗುತ್ತದೆ, ತಾಗಿದರೆ ಬೆರಳೂ ಕಪ್ಪಾಗುತ್ತದೆ.

ಇಷ್ಟು ಸುಲಭವಾಗಿ ಎಣ್ಣೆಯಿಂದಲೇ ಸಿಗುವಾಗ ಸಂಶ್ಲೇಷಣೆ ಯಾಕೆ? ಮಾಮೂಲಿ ಒಲಿಯಿಕ್ ಆಮ್ಲಕ್ಕಾದರೆ ಖಂಡಿತ ಬೇಡ ಅನ್ನುತ್ತೇನೆ. ದ್ವಿಬಂಧ 9ರ ಬದಲು 7ರಲ್ಲೋ 12ರಲ್ಲೋ ಬೇಕಾದಾಗ, ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಗುರುತು ಬೇಕಾದಾಗ ಮಾತ್ರ ಕಟ್ಟಲು ಕೂರಬೇಕು. ದಾರಿ ಮುಖ್ಯವಾಗಿ ಎರಡು. ಒಂದು ವಿಟ್ಟಿಗ್ ಕ್ರಿಯೆ, ಎರಡು ತುಂಡುಗಳನ್ನು ದ್ವಿಬಂಧದಿಂದಲೇ ಜೋಡಿಸುವುದು. ನೊನೈಲ್ ಫಾಸ್ಫೋನಿಯಂ ಲವಣಕ್ಕೆ ಪ್ರತ್ಯಾಮ್ಲ ಹಾಕಿ ಇಲೈಡ್ ಎಂಬ ಚುರುಕಾದ ವಸ್ತು ಮಾಡಿ, ಮಿಥೈಲ್ 9-ಆಕ್ಸೊನೊನನೊಯೇಟ್ ಎಂಬ ಆಲ್ಡಿಹೈಡ್ ಜೊತೆ ಸೇರಿಸಿದರೆ ಮಿಥೈಲ್ ಒಲಿಯೇಟ್ ಬರುತ್ತದೆ. ಪ್ರತ್ಯಾಮ್ಲದಲ್ಲಿ ಲಿಥಿಯಂ ಇದ್ದರೆ ಸಿಸ್ ಪಾಲು ಇಳಿಯುತ್ತದೆ. ಸೋಡಿಯಂ ಅಥವಾ ಪೊಟ್ಯಾಸಿಯಂನ ಹೆಕ್ಸಾಮಿಥೈಲ್‌ಡೈಸಿಲಾಜೈಡ್ ತೆಗೆದುಕೊಳ್ಳಿ, ತಂಪಿನಲ್ಲಿ ಮಾಡಿ. ಆದರೂ ಸ್ವಲ್ಪ ಟ್ರಾನ್ಸ್ ಬಂದೇ ಬರುತ್ತದೆ. ಅದನ್ನು ತೆಗೆಯಲು ಮತ್ತೆ ಆ ಬೆಳ್ಳಿಯ ಕಾಲಂ!

ಎರಡನೆಯದು ತ್ರಿಬಂಧದ ದಾರಿ. ದ್ವಿಬಂಧ ಬೇಕಾದ ಕಡೆ ಮೊದಲು ತ್ರಿಬಂಧ ಇಟ್ಟು, ಲಿಂಡ್ಲರ್ ವೇಗವರ್ಧಕದ ಮೇಲೆ ಹೈಡ್ರೋಜನ್ ಕೊಡುವುದು. ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲಿನ ಪಲ್ಲಾಡಿಯಂ ಇದು. ಸೀಸ, ಕ್ವಿನೊಲಿನ್ ಸೇರಿಸಿ ಅದರ ಚುರುಕನ್ನು ಬೇಕೆಂದೇ ಕುಗ್ಗಿಸಿರುತ್ತಾರೆ. ಹೈಡ್ರೋಜನ್ ಒಂದೇ ಬದಿಯಿಂದ ಸೇರುವುದರಿಂದ ಸಿಸ್ ಬರುತ್ತದೆ. ಹೈಡ್ರೋಜನ್ ಬದಲು ಡ್ಯೂಟೀರಿಯಂ ಕೊಟ್ಟರೆ ಗುರುತು ಸರಿಯಾಗಿ ದ್ವಿಬಂಧದ ಮೇಲೇ ಕೂರುತ್ತದೆ. ಲೆಕ್ಕದ ಒಂದು ಪಾಲು ಒಳಗೆ ಹೋದ ತಕ್ಷಣ ನಿಲ್ಲಿಸಿ, ಬಿಟ್ಟರೆ ಮುಂದೆ ಪರ್ಯಾಪ್ತವಾಗುತ್ತದೆ. ಹಾಗೆ ಸ್ವಲ್ಪ ಪರ್ಯಾಪ್ತವಾಗಿದ್ದರೂ ಯೂರಿಯಾ ಅದನ್ನು ತೆಗೆದುಕೊಡುತ್ತದೆ. ಅದಕ್ಕೇ ಸಂಶ್ಲೇಷಣೆ ಮಾಡುವವರೂ ಮೊದಲು ಬೇರ್ಪಡಿಸುವ ಕೆಲಸ ಕಲಿಯಬೇಕು ಅಂತ ನಾನು ಒತ್ತಿ ಹೇಳುವುದು. ಲಿನೊಲಿಯಿಕ್‌ನಂತೆ ಎರಡು ದ್ವಿಬಂಧಗಳ ನಡುವೆ ಒಂದು ಸಿಎಚ್2 ಬೇಕಾದರೆ ನಾನು ಆರಿಸುವುದು ತ್ರಿಬಂಧದ ದಾರಿಯನ್ನೇ. ತಾಮ್ರದ ನೆರವಿನಿಂದ ಆಲ್ಕೈನ್ (ತ್ರಿಬಂಧವಿರುವ ಸಂಯುಕ್ತ) ಮತ್ತು ಪ್ರೊಪಾರ್ಜಿಲ್ ಬ್ರೋಮೈಡ್‌ಗಳನ್ನು ಜೋಡಿಸುತ್ತಾ ಹೋಗಬಹುದು. ಹೀಗೆ ಸಿಗುವ, ಎರಡು ತ್ರಿಬಂಧಗಳಿರುವ ಡೈಐನ್ ತುಂಬ ಸೂಕ್ಷ್ಮ. ಪ್ರತ್ಯಾಮ್ಲ ತಾಗಿದರೆ ಆಲೀನ್ (ಒಂದೇ ಕಾರ್ಬನ್ನಿಗೆ ಎರಡು ದ್ವಿಬಂಧ ಇರುವ ರೂಪ) ಆಗಿ ಕೆಡುತ್ತದೆ, ಸುಮ್ನೆ ಇಟ್ಟರೂ ಬಣ್ಣ ತಿರುಗುತ್ತದೆ. ಮಾಡಿದ ದಿನವೇ ಹೈಡ್ರೋಜನ್ ಕೊಟ್ಟು ಮುಂದಕ್ಕೆ ಹೋಗಿ.

ಬಂದದ್ದು ಸರಿಯಿದೆಯಾ ಅಂತ ನೋಡಲು ಅಯೋಡಿನ್ ಮೌಲ್ಯ (ದ್ವಿಬಂಧ ಎಷ್ಟಿದೆ ಎಂದು ಹೇಳುವ ಅಂಕಿ) ಒಂದೇ ಸಾಲದು. ಶುದ್ಧ ಒಲಿಯಿಕ್‌ಗೆ ಅದು 90, ಶುದ್ಧ ಎಲೈಡಿಕ್‌ಗೂ 90! ಕಾರ್ಬನ್-13 ಎನ್ಎಂಆರ್ (ಪ್ರತಿ ಕಾರ್ಬನ್ನಿನ ಸುತ್ತಲಿನ ಸ್ಥಿತಿಯನ್ನು ಕಾಂತಕ್ಷೇತ್ರದಲ್ಲಿ ತೋರಿಸುವ ಪರೀಕ್ಷೆ) ತೆಗೆಸಿ, ದ್ವಿಬಂಧದ ಪಕ್ಕದ ಕಾರ್ಬನ್ ನೋಡಿ. ಸಿಸ್ ಆಗಿದ್ದರೆ 27 ಪಿಪಿಎಂ ಹತ್ತಿರ, ಟ್ರಾನ್ಸ್ ಆಗಿದ್ದರೆ 32.5ರ ಹತ್ತಿರ ಕಾಣುತ್ತದೆ.

ಕೊನೆಯದಾಗಿ ಇಡುವ ಬಗ್ಗೆ. ಲಿನೊಲಿಯಿಕ್‌ನಲ್ಲಿ ಎರಡು ದ್ವಿಬಂಧಗಳ ನಡುವಿನ 11ನೇ ಕಾರ್ಬನ್ನಿನಿಂದ ಹೈಡ್ರೋಜನ್ ಬಲು ಸುಲಭವಾಗಿ ಕಿತ್ತುಬರುತ್ತದೆ. ಅದಕ್ಕೇ ಒಲಿಯಿಕ್‌ಗಿಂತ ಹತ್ತಾರು ಪಟ್ಟು ಬೇಗ ಗಾಳಿಗೆ ಕೆಡುತ್ತದೆ. ನೈಟ್ರೋಜನ್ ತುಂಬಿ, ಕತ್ತಲಲ್ಲಿ, ಮೈನಸ್ 20 ಡಿಗ್ರಿ ಅಥವಾ ಅದಕ್ಕೂ ಕೆಳಗೆ ಇಡಿ. ದೊಡ್ಡ ಬಾಟಲಿಯನ್ನು ಪದೇ ಪದೇ ತೆರೆಯುವ ಬದಲು ಸೀಲ್ ಮಾಡಿದ ಚಿಕ್ಕ ಆಂಪ್ಯೂಲ್‌ಗಳಿಗೆ ಹಂಚಿ. ತುಂಬ ದಿನ ಇಟ್ಟದ್ದನ್ನು ಬಳಸುವ ಮೊದಲು ಟಿಎಲ್‌ಸಿ ಓಡಿಸಿ, ಅಂದರೆ ಸಿಲಿಕಾ ಬಳಿದ ತಟ್ಟೆಯ ಮೇಲೆ ಒಂದು ಹನಿ ಇಟ್ಟು ದ್ರಾವಕದಲ್ಲಿ ಮೇಲೇರಿಸಿ ನೋಡಿ. ಕೆಳಗೆ, ಹಾಕಿದ ಜಾಗದ ಹತ್ತಿರವೇ ಹೊಸ ಕಲೆ ಕಂಡರೆ ಅದು ಪೆರಾಕ್ಸೈಡ್ ಇರಬಹುದು. ಮತ್ತೆ ಶುದ್ಧ ಮಾಡದೆ ಮುಂದಿನ ಪ್ರಯೋಗಕ್ಕೆ ಹಾಕಬೇಡಿ.